ಪ್ರತಿದಾಳಿಯ ಸುದ್ದಿಯನ್ನು ನಕ್ಷೆಯ ಮುಂದೆ ಕುಳಿತು ಓದುವ ಬಗೆ

ದೇಶದೊಳಕ್ಕೆ ನುಗ್ಗಿದ ಸೇನೆಯನ್ನು ಹಿಮ್ಮೆಟ್ಟಿಸಲು ನಡೆಯುವ ಪ್ರತಿದಾಳಿಯ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಊರುಗಳ ಹೆಸರಿನ ಸಾಲಾಗಿ ಬರುತ್ತದೆ. ಇಂದು ಒಂದು ಹಳ್ಳಿ ಮರುವಶವಾಯಿತು, ನಾಳೆ ಇನ್ನೊಂದು ಪಟ್ಟಣ ಎನ್ನುವ ಆ ಸಾಲನ್ನು ಎಷ್ಟು ಶ್ರದ್ಧೆಯಿಂದ ಓದಿದರೂ ಯುದ್ಧ ಯಾವ ಕಡೆಗೆ ಹೊರಳುತ್ತಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಒಂದು ನಕ್ಷೆ, ಅದರ ಮೇಲೆ ಹಾಸಿ ಬರೆಯಲು ಟ್ರೇಸಿಂಗ್ ಪೇಪರಿನ ಕೆಲವು ಹಾಳೆ, ಎರಡು ಬಣ್ಣದ ಪೆನ್ಸಿಲ್ ಮತ್ತು ಒಂದಷ್ಟು ತಾಳ್ಮೆ ಸಾಕು. ಇಲ್ಲಿ ಉದಾಹರಣೆಗೆ ಉಕ್ರೇನ್ ಸೇನೆ 2022 ಮತ್ತು 2023ರಲ್ಲಿ ರಷ್ಯಾದ ವಿರುದ್ಧ ನಡೆಸಿದ ಮೂರು ಪ್ರತಿದಾಳಿಗಳನ್ನು ತೆಗೆದುಕೊಂಡಿದ್ದೇನೆ. ಒಂದು ಮಿಂಚಿನಂತೆ ಗೆದ್ದಿತು, ಒಂದು ನಿಧಾನವಾಗಿ ಗೆದ್ದಿತು, ಇನ್ನೊಂದು ಗೆಲ್ಲಲಿಲ್ಲ. ಮೂರನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಬಹುದೆಂಬುದೇ ಈ ಆಯ್ಕೆಗೆ ಕಾರಣ.

ಊರುಗಳನ್ನು ಗುರುತಿಸುವುದಕ್ಕೆ ಮೊದಲು ನದಿಗಳನ್ನೂ ರೈಲು ಮಾರ್ಗಗಳನ್ನೂ ಬರೆದುಕೊಳ್ಳಬೇಕು. ರಷ್ಯಾದ ಸೇನೆ ತನ್ನ ಫಿರಂಗಿಗಳಿಗೆ ಬೇಕಾದ ಮದ್ದುಗುಂಡನ್ನು ಬಹುಪಾಲು ರೈಲಿನಲ್ಲಿಯೇ ಸಾಗಿಸುತ್ತದೆ. ಲಾರಿಗಳು ರೈಲು ನಿಲ್ದಾಣದಿಂದ ಮುಂದಿನ ಕೆಲವು ಹತ್ತು ಕಿಲೋಮೀಟರ್‌ಗಳಿಗೆ ಮಾತ್ರ. ಆದ್ದರಿಂದ ಹಳಿಗಳು ಕೂಡುವ ಜಂಕ್ಷನ್ ಹಾಗೂ ನದಿ ದಾಟುವ ಸೇತುವೆ, ಇವೆರಡನ್ನು ದಪ್ಪ ಚುಕ್ಕೆಯಾಗಿ ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಖಾರ್ಕಿವ್ ಪ್ರಾಂತ್ಯದ ಹಾಳೆಯಲ್ಲಿ ಹೀಗೆ ಮಾಡಿದಾಗ ಓಸ್ಕಿಲ್ ನದಿಯ ದಂಡೆಯಲ್ಲಿರುವ ಕುಪಿಯಾನ್‌ಸ್ಕ್ ಎಂಬ ಸಾಧಾರಣ ಪಟ್ಟಣ ತಾನಾಗಿಯೇ ಎದ್ದು ಕಾಣುತ್ತದೆ. ರಷ್ಯಾದ ಬೆಲ್ಗೊರೊದ್ ಪ್ರಾಂತ್ಯದ ಕಡೆಯಿಂದ ಬರುವ ಹಳಿ ಅಲ್ಲಿಗೆ ತಲುಪುತ್ತದೆ. ಅಲ್ಲಿಂದ ದಕ್ಷಿಣಕ್ಕೆ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ. ದೂರದ ಇಝಿಯುಮ್‌ನಲ್ಲಿ ರಷ್ಯಾದ ದೊಡ್ಡ ನೆಲೆಯಿತ್ತು. ಆ ನೆಲೆಯ ಅನ್ನದ ಬಟ್ಟಲು ಇದ್ದದ್ದು ಕುಪಿಯಾನ್‌ಸ್ಕ್‌ನಲ್ಲಿ.

ಈಗ ದಿನಾಂಕಗಳನ್ನು ಹಾಕಿ. 2022ರ ಸೆಪ್ಟೆಂಬರ್ 6ರಂದು ಖಾರ್ಕಿವ್ ಪ್ರಾಂತ್ಯದಲ್ಲಿ ಉಕ್ರೇನಿನ ದಾಳಿ ಆರಂಭವಾಯಿತು, 8ರಂದು ಬಾಲಕ್ಲಿಯಾ ಪಟ್ಟಣ ಕೈಗೆ ಬಂತು, 10ರಂದು ಉಕ್ರೇನ್ ಪಡೆಗಳು ಕುಪಿಯಾನ್‌ಸ್ಕ್ ಪ್ರವೇಶಿಸಿದವು. ಬಾಲಕ್ಲಿಯಾದಿಂದ ಕುಪಿಯಾನ್‌ಸ್ಕ್‌ಗೆ ಕೂಡ ಹೆಚ್ಚುಕಡಿಮೆ 60 ಕಿ.ಮೀ. ಆಗುತ್ತದೆ. ಇಝಿಯುಮ್‌ನ ಮೇಲೆ ಎದುರಿನಿಂದ ದೊಡ್ಡ ದಾಳಿ ನಡೆಸುವ ಅಗತ್ಯವೇ ಬೀಳಲಿಲ್ಲ. ಬೆನ್ನ ಹಿಂದಿನ ಹಳಿ ಕೈತಪ್ಪಿಹೋದದ್ದರಿಂದ ಅದೇ 10ರಂದು ರಷ್ಯಾದ ಪಡೆಗಳು ಆ ಊರನ್ನು ಬಿಟ್ಟು ಹೊರಟವು. ಮಾಸ್ಕೋದ ರಕ್ಷಣಾ ಸಚಿವಾಲಯ ಇದನ್ನು ಮರುಸಂಘಟನೆ ಎಂದು ಕರೆಯಿತು. ಇಂಥ ಪದಗಳನ್ನು ಟಿಪ್ಪಣಿಯಲ್ಲಿ ಬೇರೆ ಬಣ್ಣದಲ್ಲಿ ಬರೆದಿಡುವುದು ಒಳ್ಳೆಯದು. ಗೆದ್ದೆವೆಂದು ಹೇಳುವವರ ಮಾತಿಗಿಂತ, ಕಳೆದುಕೊಂಡವರು ಒಂದು ಊರಿನ ಹೆಸರನ್ನು ಹೇಳುವ ರೀತಿ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷ್ಯ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಆ ವರ್ಷದ ಆಗಸ್ಟ್ 29ರಂದು ದಕ್ಷಿಣದ ಖೆರ್ಸಾನ್ ಕಡೆಗೆ ಪ್ರತಿದಾಳಿ ಆರಂಭವಾಗಿದೆ ಎಂದು ಉಕ್ರೇನ್ ಬಹಿರಂಗವಾಗಿಯೇ ಘೋಷಿಸಿತ್ತು. ನಾನು ಖೆರ್ಸಾನ್ ಹಾಳೆಯನ್ನೇ ದೊಡ್ಡದಾಗಿ ಬರೆದುಕೊಂಡು, ಖಾರ್ಕಿವ್ ಹಾಳೆಯನ್ನು ಮಡಿಚಿ ಡ್ರಾಯರ್‌ನಲ್ಲಿ ಇಟ್ಟುಬಿಟ್ಟೆ. ರಷ್ಯಾವೂ ಬಲಿಷ್ಠ ತುಕಡಿಗಳನ್ನು ಆಗಲೇ ದಕ್ಷಿಣಕ್ಕೆ ಸಾಗಿಸಿತ್ತು, ಹೀಗಾಗಿ ಉತ್ತರದ ರಣರೇಖೆ ತೆಳುವಾಗಿತ್ತು. ಅಂದಿನಿಂದ, ಒಂದು ಕಡೆ ಗದ್ದಲ ಹೆಚ್ಚಾದಾಗಲೆಲ್ಲ ಸದ್ದಿಲ್ಲದ ಕಡೆಯ ಹಾಳೆಯನ್ನು ತೆರೆದು ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಓದುಗರಿಗೂ ಅದನ್ನೇ ಸೂಚಿಸುತ್ತೇನೆ.

ಹಾಗೆಂದು ಖೆರ್ಸಾನ್ ದಾಳಿ ಬರಿಯ ತೋರಿಕೆಯದಾಗಿರಲಿಲ್ಲ. ಆ ನಗರ ನಿಪ್ರೊ ನದಿಯ ಪಶ್ಚಿಮ ದಂಡೆಯಲ್ಲಿದೆ, ರಷ್ಯಾದ ಉಗ್ರಾಣಗಳೆಲ್ಲ ಪೂರ್ವದ ಕಡೆಗಿದ್ದವು. ನಡುವೆ ನದಿ ದಾಟಲು ಇದ್ದ ಮುಖ್ಯ ದಾರಿಗಳು ಆಂಟೊನಿವ್ಕಾ ರಸ್ತೆ ಸೇತುವೆ, ಅದರ ಸಮೀಪದ ರೈಲು ಸೇತುವೆ ಮತ್ತು ನೋವಾ ಕಖೋವ್ಕಾ ಅಣೆಕಟ್ಟಿನ ಮೇಲಿನ ರಸ್ತೆ, ಈ ಮೂರೇ. ಅಮೆರಿಕದಿಂದ ಬಂದ ಹೈಮಾರ್ಸ್ ರಾಕೆಟ್‌ಗಳು ಜುಲೈನಿಂದಲೇ ಈ ದಾರಿಗಳ ಮೇಲೆ ಬೀಳತೊಡಗಿದವು. ರಸ್ತೆ ಸೇತುವೆಯ ಮೇಲ್ಮೈಯಲ್ಲಿ ಸಾಲಾಗಿ ಮೂಡಿದ ತೂತುಗಳ ಚಿತ್ರಗಳನ್ನು ಆಗ ನೋಡಿದವರಿಗೆ ನೆನಪಿರಬಹುದು: ಸೇತುವೆ ನದಿಗೆ ಕುಸಿದಿರಲಿಲ್ಲ, ಆದರೆ ಭಾರದ ಲಾರಿ ಸಾಗುವಂತಿರಲಿಲ್ಲ. ದೋಣಿ, ತೆಪ್ಪಗಳಲ್ಲಿ ಸಾಗಿಸಿದ ಸಾಮಗ್ರಿ ಅಷ್ಟು ದೊಡ್ಡ ಸೇನೆಗೆ ಸಾಲಲಿಲ್ಲ. ನವೆಂಬರ್ 9ರಂದು ರಷ್ಯಾದ ಜನರಲ್ ಸುರೊವಿಕಿನ್ ವಾಪಸಾತಿಯನ್ನು ಟಿ.ವಿ.ಯಲ್ಲಿ ಪ್ರಕಟಿಸಿದರು, 11ರಂದು ಉಕ್ರೇನ್ ಸೈನಿಕರು ನಗರಕ್ಕೆ ಕಾಲಿಟ್ಟರು. ಈ ಹಾಳೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ರಣರೇಖೆಯ ಗೆರೆಗಳು ತೀರ ನಿಧಾನವಾಗಿ ಸರಿದಿರುವುದನ್ನು ನೋಡಿದರೆ ದಾಳಿ ನಿಂತುಹೋಯಿತೆಂದೇ ಅನ್ನಿಸುತ್ತದೆ. ಸೇತುವೆಗಳ ಸ್ಥಿತಿಯನ್ನು ಪಕ್ಕದಲ್ಲಿ ಬರೆದಿಟ್ಟವರಿಗೆ ಮಾತ್ರ ಹಾಗೆ ಅನ್ನಿಸಲಾರದು.

ಮೂರನೆಯ ಹಾಳೆಯಲ್ಲಿ ಪೆನ್ಸಿಲ್ಲಿಗಿಂತ ಮೊದಲು ಕ್ಯಾಲೆಂಡರ್ ಬೇಕು. ಎದುರಾಳಿಗೆ ನೆಲ ಅಗೆಯಲು ಎಷ್ಟು ತಿಂಗಳು ಸಿಕ್ಕಿತು ಎಂಬುದನ್ನು ಎಣಿಸಬೇಕು. 2023ರ ಜೂನ್ ಆರಂಭದಲ್ಲಿ ಝಪೊರಿಝಿಯಾ ಪ್ರಾಂತ್ಯದ ಓರಿಖಿವ್‌ನಿಂದ ದಕ್ಷಿಣಕ್ಕೆ ಹೊರಟ ದಾಳಿಗೆ ಟೊಕ್ಮಾಕ್, ಆಮೇಲೆ ಮೆಲಿಟೊಪೊಲ್ ಗುರಿಯಾಗಿದ್ದವು. ಅಷ್ಟರಲ್ಲಿ ರಷ್ಯಾಕ್ಕೆ ಇಡೀ ಚಳಿಗಾಲವೂ ವಸಂತವೂ ಸಿಕ್ಕಿದ್ದವು. ನೆಲಬಾಂಬ್‌ಗಳ ದಟ್ಟ ಪಟ್ಟಿ, ಟ್ಯಾಂಕ್ ತಡೆಯುವ ಅಗಳು, ಕಾಂಕ್ರೀಟಿನ ಮೊನಚು ಗೂಟಗಳು, ಕಂದಕಗಳ ಸಾಲು, ಹೀಗೆ ಒಂದರ ಹಿಂದೊಂದು ಕಾದಿದ್ದವು. ಸಾಲು ಹಿಡಿದು ಹೊರಟ ವಾಹನಗಳು ಬಾಂಬ್ ತೆರವುಗೊಳಿಸಿದ ಇಕ್ಕಟ್ಟಿನ ಹಾದಿಯಲ್ಲಿ ಸಿಕ್ಕಿಕೊಂಡವು. ಮೊದಲ ವಾರದಲ್ಲಿಯೇ ಮಲಾ ಟೊಕ್ಮಾಚ್ಕಾ ಬಳಿ ಪಾಶ್ಚಾತ್ಯ ದೇಶಗಳು ಉಕ್ರೇನಿಗೆ ಕೊಟ್ಟ ಲೆಪರ್ಡ್ ಟ್ಯಾಂಕ್‌ಗಳೂ ಬ್ರಾಡ್ಲಿ ಯುದ್ಧವಾಹನಗಳೂ ಒಂದರ ಪಕ್ಕ ಒಂದು ಕೆಟ್ಟು ನಿಂತವು. ಓರಿಖಿವ್‌ನಿಂದ 15 ಕಿ.ಮೀ. ಕೂಡ ದೂರವಿಲ್ಲದ ರೊಬೊಟಿನೆ ಎಂಬ ಹಳ್ಳಿ ಕೈಸೇರಲು ಆಗಸ್ಟ್ ಕೊನೆ ಬರಬೇಕಾಯಿತು. ಟೊಕ್ಮಾಕ್ ಸಿಗಲೇ ಇಲ್ಲ. ನವೆಂಬರ್‌ನಲ್ಲಿ ಉಕ್ರೇನಿನ ಆಗಿನ ಸೇನಾ ಮುಖ್ಯಸ್ಥ ಜಲುಝ್ನಿ ಅವರೇ ಯುದ್ಧ ಗತಿರೋಧಕ್ಕೆ ಸಿಲುಕಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಖಾರ್ಕಿವ್‌ನ ವೇಗವನ್ನು ಕಂಡವರು ಇಲ್ಲಿಯೂ ಅದನ್ನೇ ನಿರೀಕ್ಷಿಸಿದ್ದರು. ಆದರೆ ಖಾರ್ಕಿವ್‌ನಲ್ಲಿ ಇಷ್ಟು ಆಳದ ರಕ್ಷಣಾ ಸಾಲುಗಳೇ ಇರಲಿಲ್ಲ.

ಕ್ಯಾಲೆಂಡರಿನಲ್ಲಿ ಕೆಸರಿನ ತಿಂಗಳುಗಳನ್ನೂ ಗುರುತಿಸಿ. ಶರತ್ಕಾಲದ ಮಳೆಯಲ್ಲಿಯೂ ವಸಂತದ ಹಿಮ ಕರಗುವಾಗಲೂ ಉಕ್ರೇನಿನ ಕಪ್ಪು ಮಣ್ಣಿನಲ್ಲಿ ವಾಹನಗಳು ಹೂತುಹೋಗುತ್ತವೆ, ದಾಳಿ ಡಾಂಬರು ರಸ್ತೆಗಳಿಗೆ ಅಂಟಿಕೊಳ್ಳುತ್ತದೆ. ಮಣ್ಣಿನ ಜಾತಿ ಬೇರೆಯಾದರೂ, ಮಳೆಗಾಲದಲ್ಲಿ ಗದಗದ ಎರೆಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಊರ ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ರಷ್ಯನ್ ಮೂಲದಿಂದ ಬಂದ ಸುದ್ದಿಯ ಕ್ರಾಸ್ನಿ ಲಿಮಾನ್, ಉಕ್ರೇನಿ ಮೂಲದ ಲಿಮಾನ್ ಎರಡೂ ಒಂದೇ ಪಟ್ಟಣ. ಅರ್ತ್ಯೋಮೊವ್ಸ್ಕ್ ಮತ್ತು ಬಾಖ್ಮುತ್ ಕೂಡ ಹಾಗೆಯೇ. ಕನ್ನಡ ಪತ್ರಿಕೆಗಳಲ್ಲಿ ಖಾರ್ಕಿವ್, ಖಾರ್ಕೀವ್, ಖಾರ್ಕೊವ್ ಎಂಬ ರೂಪಗಳನ್ನೆಲ್ಲ ಕಂಡಿದ್ದೇನೆ. ಆ ನಗರದ ಹೆಸರು ನಮ್ಮ ಮನೆಗಳಿಗೆ ತಲುಪಿದ್ದು 2022ರ ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅಲ್ಲಿನ ಶೆಲ್ ದಾಳಿಯಲ್ಲಿ ಸತ್ತಾಗ. ಹಾಳೆಯ ಅಂಚಿನಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಬರೆದಿಟ್ಟರೆ ಒಂದೇ ಊರನ್ನು ಎರಡು ಸಲ ಗೆದ್ದಂತೆ ಎಣಿಸುವ ಪ್ರಮಾದ ತಪ್ಪುತ್ತದೆ.

ಪ್ರತಿ ಗೆರೆಗೂ ಆಧಾರವನ್ನು ಬರೆಯಿರಿ. ಒಂದು ಪಕ್ಷದ ಹೇಳಿಕೆ ಮಾತ್ರ ಇದ್ದರೆ ಚುಕ್ಕೆ ಗೆರೆ, ಗುರುತಿಸಬಹುದಾದ ಕಟ್ಟಡದ ಮುಂದೆ ತೆಗೆದ ವಿಡಿಯೊ ಅಥವಾ ಎದುರಾಳಿಯ ಒಪ್ಪಿಗೆ ಸಿಕ್ಕಾಗ ಪೂರ್ಣ ಗೆರೆ. ನಾಸಾದ ಉಪಗ್ರಹಗಳು ಕಂಡ ಬೆಂಕಿಯ ಚುಕ್ಕೆಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ಫಿರಂಗಿ ಕಾದಾಟ ಎಲ್ಲಿ ಬಿರುಸಾಗಿದೆ ಎಂಬ ಸುಳಿವನ್ನು ಅವು ಕೊಡುತ್ತವೆ. ಆದರೆ ಸುಗ್ಗಿಯ ನಂತರ ಗೋಧಿಯ ಕೂಳೆ ಸುಟ್ಟರೂ ಅದೇ ಕೆಂಪು ಚುಕ್ಕೆ ಮೂಡುತ್ತದೆ.

ಒಂದು ಹಾಳೆ ತುಂಬಿದ ಮೇಲೆ ದಿನಾಂಕ ಹಾಕಿ ಎತ್ತಿಡಿ, ಅಳಿಸಿ ಮತ್ತೆ ಬರೆಯಬೇಡಿ. ಖಾರ್ಕಿವ್ ಪ್ರತಿದಾಳಿ ಮುಗಿದು ವರ್ಷ ಕಳೆಯುವಷ್ಟರಲ್ಲಿ ರಷ್ಯಾದ ಪಡೆಗಳು ಮತ್ತೆ ಕುಪಿಯಾನ್‌ಸ್ಕ್ ಕಡೆಗೆ ಒತ್ತತೊಡಗಿದಾಗ, ನಾನು ಹೊಸ ಹಾಳೆ ಹುಡುಕಲಿಲ್ಲ; 2022ರ ಸೆಪ್ಟೆಂಬರಿನ ಹಾಳೆಯನ್ನೇ ಹೊರತೆಗೆದು, ಅದೇ ಹಳಿ, ಅದೇ ಓಸ್ಕಿಲ್ ನದಿಯ ಮೇಲೆ ಎರಡನೆಯ ಬಣ್ಣದ ಬಾಣವನ್ನು ಈ ಸಲ ಪೂರ್ವದಿಂದ ಪಶ್ಚಿಮಕ್ಕೆ ಎಳೆದೆ.