ಓಡಿಸಿ ನೋಡುವ ಮೊದಲು ತಳ್ಳಿ ನೋಡಿ

ನನ್ನದು ವಾಟರ್ ಫಿಲ್ಟರ್ ಸರ್ವಿಸ್ ಕೆಲಸ. ಮನೆ ಬೆಂಗಳೂರಿನ ಲಗ್ಗೆರೆಯಲ್ಲಿ. ಬೆಳಗ್ಗೆ ಹೊರಟರೆ ರಾಜಾಜಿನಗರ, ವಿಜಯನಗರ, ಬಸವನಗುಡಿ ಅಂತ ದಿನಕ್ಕೆ ಐದಾರು ಮನೆ, ಹತ್ತಿರ ಹತ್ತಿರ 50 ಕಿಲೋಮೀಟರ್. ಬೆನ್ನಿಗೆ ಟೂಲ್ ಬ್ಯಾಗು, ಹಿಂದಿನ ಸೀಟಿಗೆ ಕಟ್ಟಿದ ಬಾಕ್ಸು. ನನ್ನ ಎತ್ತರ 5 ಅಡಿ 3 ಇಂಚು. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಯಾವ ಬೈಕ್ ತಗೊಳ್ಳಲಿ ಅಂತ ಕೇಳುವವರು ಬರೀ ಗಾಡಿ ಬಗ್ಗೆ ಕೇಳುತ್ತಾರೆ. ತಮ್ಮ ಕಾಲು ಎಷ್ಟುದ್ದ, ದಿನಾ ಹಿಂದೆ ಯಾರು ಕೂರುತ್ತಾರೆ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಅದನ್ನು ಹೇಳುವುದೇ ಇಲ್ಲ.

ನಾನೂ ಹಾಗೇ ಮಾಡಿದ್ದೆ. ಮೊದಲು ತಗೊಂಡಿದ್ದು 150 ಸಿಸಿ ಗಾಡಿ. ತೂಕ 140 ಕೆಜಿ ಮೇಲೆ. ನೋಡೋಕೆ ಚೆನ್ನಾಗಿತ್ತು, ಅಷ್ಟೇ ಸಾಕಾಗಿತ್ತು ಆಗ. ಒಂದು ದಿನ ಗುಟ್ಟಹಳ್ಳಿಯ ಏರಿನಲ್ಲಿ ಎದುರಿಗೆ ಆಟೋ ಬಂತು. ಬ್ರೇಕ್ ಹಿಡಿದು ಎಡಗಾಲು ಊರಿದೆ. ಅಲ್ಲಿ ರಸ್ತೆ ಮೋರಿ ಕಡೆ ವಾಲಿತ್ತು. ನೆಲ ಇರಬೇಕಾದ ಕಡೆ ಎರಡು ಇಂಚು ಗಾಳಿ. ಗಾಡಿ ನಿಧಾನಕ್ಕೆ ಎಡಕ್ಕೆ ವಾಲಿತು, ನಾನೂ ವಾಲಿದೆ, ಬಾಕ್ಸಿನಲ್ಲಿದ್ದ ಹೊಸ ಫಿಲ್ಟರ್ ಒಡೆಯಿತು. ಆಗ ನನ್ನ ಸ್ಪೀಡು ಸೊನ್ನೆ! ಎತ್ತೋಕೆ ಹೂವು ಮಾರುವ ಅಮ್ಮ ಬರಬೇಕಾಯಿತು.

ಅದಕ್ಕೇ ಈಗ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಶೋರೂಮಿನಲ್ಲಿ ಓಡಿಸಿ ನೋಡುವ ಮೊದಲು ತಳ್ಳಿ ನೋಡಿ. ಊರೊಳಗೆ ಓಡಾಡುವವನು ಗಾಡಿಯನ್ನು ಓಡಿಸುವಷ್ಟೇ ತಳ್ಳುತ್ತಾನೆ. ಬೇಸ್‌ಮೆಂಟಿನಿಂದ ಮೇಲಕ್ಕೆ, ಎರಡು ಸ್ಕೂಟರ್ ನಡುವಿನಿಂದ ಹಿಂದಕ್ಕೆ, ಗೇಟಿನ ಇಳಿಜಾರು ಹತ್ತಿಸಿ ಒಳಕ್ಕೆ.

ತಳ್ಳುವುದಕ್ಕೂ ಒಂದು ಕ್ರಮ ಇದೆ. ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ. ಗಾಡಿಯ ಎಡಗಡೆ ನಿಂತು ಹ್ಯಾಂಡಲ್ ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ ಹಿಂದಕ್ಕೆ ತಳ್ಳಿ. ಆಮೇಲೆ ಸೀಟಿನ ಮೇಲೆ ಕೂತುಕೊಂಡು ಬರೀ ಕಾಲಲ್ಲೇ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ. ಹೆಬ್ಬೆರಳು ಮಾತ್ರ ಮುಟ್ಟುತ್ತಿದ್ದರೆ ಆ ಗಾಡಿ ನಿಮ್ಮದಲ್ಲ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಬೇಕು, ಒಂದೇ ಕಾಲು ಊರಿದರೆ ಹಿಮ್ಮಡಿಯೂ ನೆಲಕ್ಕೆ ತಾಗಬೇಕು. ಶೂ ಬಿಟ್ಟು ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ ನೋಡಿ. ಶೂ ಅರ್ಧ ಇಂಚು ಸುಳ್ಳು ಹೇಳುತ್ತೆ. ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ. ಇದು ಈಗ ಎಲ್ಲಾ ಗಾಡಿಗೂ ಬರಲ್ಲ. ಬೀದಿಯಲ್ಲಿ ನಿಲ್ಲಿಸುವವರಿಗೆ ಬೇಕೇ ಬೇಕು, ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ವಾಲಿಕೊಂಡು ಜಾಸ್ತಿ ಜಾಗ ಹಿಡಿಯುತ್ತೆ.

ಈ ಲೆಕ್ಕದಲ್ಲಿ ಕಂಪನಿ ಕಾಗದದಲ್ಲಿ ನೋಡಬೇಕಾದ್ದು ಎರಡೇ ಅಂಕಿ: ತೂಕ, ಸೀಟಿನ ಎತ್ತರ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆಜಿ, ಸೀಟು 785 ಮಿಲಿಮೀಟರ್. 2023ರಲ್ಲಿ ಬಂದ ಹೋಂಡಾ ಶೈನ್ 100 ಇನ್ನೂ ಹಗುರ, 99 ಕೆಜಿ, ಸೀಟು 786. ಬಜಾಜ್ ಪ್ಲಾಟಿನಾ 100ರ ಸೀಟು 807, ಅದು ನನ್ನಂಥವನಿಗೆ ಸ್ವಲ್ಪ ಎತ್ತರವೇ. 125 ಸಿಸಿಯಲ್ಲಿ ಟಿವಿಎಸ್ ರೈಡರ್ ಸೀಟು 780, ಆದರೆ ತೂಕ 123 ಕೆಜಿ. ಅಂಕಿ ಕಡಿಮೆ ಇದ್ದರೂ ಸೀಟು ಅಗಲವಾಗಿದ್ದರೆ ತೊಡೆ ಹರಡಿಕೊಂಡು ಕಾಲು ಮೇಲೇ ಉಳಿಯುತ್ತೆ. ಕೂತು ನೋಡದೆ ಗೊತ್ತಾಗಲ್ಲ.

ಈಗ ಓಡಿಸುವ ವಿಷಯ. ಟೆಸ್ಟ್ ರೈಡ್ ಅಂತ ಎಲ್ಲರೂ ಖಾಲಿ ರಸ್ತೆಯಲ್ಲಿ 60ಕ್ಕೆ ಎಳೆದು ಬರುತ್ತಾರೆ. ಸುಮ್ನೆ ಪೆಟ್ರೋಲು ದಂಡ. ಬೆಂಗಳೂರಿನಲ್ಲಿ ನಿಮ್ಮ ಜೀವನ ನಡೆಯುವುದು ಎರಡನೇ ಗೇರಿನಲ್ಲಿ. ಅದಕ್ಕೆ ಎರಡನೇ ಗೇರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು, 12-15 ಕಿಲೋಮೀಟರ್ ಸ್ಪೀಡಿಗೆ ಇಳಿಸಿ. ಕ್ಲಚ್ ಹಿಡಿಯದೆ ಮತ್ತೆ ಮೆಲ್ಲಗೆ ತಿರುಗಿಸಿ. ಗಾಡಿ ಕೆಮ್ಮದೆ, ಬಿಕ್ಕಳಿಸದೆ ಎತ್ತಿಕೊಂಡರೆ ಒಳ್ಳೆಯದು. ಪ್ರತಿ ಸಲ ಒಂದನೇ ಗೇರಿಗೆ ಬರಬೇಕು ಅಂದರೆ ಸಂಜೆ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಎಡಗೈ ಹೋಯಿತು ಅಂತಲೇ ಲೆಕ್ಕ. ಕ್ಲಚ್ ಎರಡು ಬೆರಳಿಗೆ ಬರುತ್ತಾ ಅದನ್ನೂ ನೋಡಿ. ಹಂಪ್ ಇರುವ ಕಡೆಯೇ ಓಡಿಸಿ. ನಮ್ಮಲ್ಲಿ ಹುಡುಕಬೇಕಾಗಿಲ್ಲ, ಅಲ್ವಾ?

ಹಿಂದೆ ದಿನಾ ಹೆಂಡತಿಯೋ ಮಗನೋ ಕೂರುತ್ತಾರೆ ಅಂದರೆ 125 ಸಿಸಿಗೆ ಹೋಗಿ. ಇಬ್ಬರು ಕೂತರೆ 100 ಸಿಸಿ ಗಾಡಿ ಫ್ಲೈಓವರ್ ಏರುವಾಗ ಕೆಳಗಿನ ಗೇರ್ ಕೇಳುತ್ತೆ, ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತೆ. ಒಬ್ಬರೇ ಓಡಾಡುವುದಾದರೆ 100 ಧಾರಾಳ. ನನ್ನ ಹತ್ತಿರ ಈಗ ಇರುವುದೂ 100ರದ್ದೇ.

ಮೈಲೇಜ್ ವಿಷಯದಲ್ಲಿ ಯಾರ ಮಾತೂ ನಂಬಬೇಡಿ, ನನ್ನದೂ ಸೇರಿ. ಈಗಾಗಲೇ ಓಡಿಸುತ್ತಿರುವವರ ಗಾಡಿ ಸಿಕ್ಕರೆ ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. 300 ಓಡಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ನನ್ನ ಹಳೆ ಗಾಡಿ ಊರೊಳಗೆ ಲೀಟರಿಗೆ 42 ಕೊಡುತ್ತಿತ್ತು, ಈಗಿನದು 56. ತಿಂಗಳಿಗೆ 1300 ಕಿಲೋಮೀಟರ್ ಅಂದರೆ ಹಳೆಯದಕ್ಕೆ 31 ಲೀಟರ್, ಇದಕ್ಕೆ 23 ಚಿಲ್ಲರೆ. ಏಳೂಮುಕ್ಕಾಲು ಲೀಟರ್ ಉಳಿತಾಯ. ದಿನಾ 10 ಕಿಲೋಮೀಟರ್ ಓಡಿಸುವವರಿಗೆ ಈ ವ್ಯತ್ಯಾಸ ಒಂದೂವರೆ ಲೀಟರ್ ಅಷ್ಟೇ. ಅವರು ಮೈಲೇಜ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಬ್ರೇಕ್: 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಕನಿಷ್ಠ ಸಿಬಿಎಸ್ ಇರುತ್ತೆ. ಅಂದರೆ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ. ಡ್ರಮ್ ಬ್ರೇಕಿನಲ್ಲೇ ಊರೊಳಗೆ ಆರಾಮಾಗಿ ಕಾಲ ಹಾಕಬಹುದು, ಆದರೆ ಸವೆದಂತೆ ಟೈಟ್ ಮಾಡಿಸುತ್ತಿರಬೇಕು. ಮಳೆಯಲ್ಲೂ ಓಡಿಸಲೇಬೇಕಾದ ಕೆಲಸ ಅಂದರೆ ಮುಂದೆ ಡಿಸ್ಕ್ ಇರುವ ಮಾಡೆಲ್‌ಗೆ ಒಂದಿಷ್ಟು ಜಾಸ್ತಿ ಕೊಡಿ. ಟೈರಿನ ಪಕ್ಕದಲ್ಲಿ ಟ್ಯೂಬ್‌ಲೆಸ್ ಅಂತ ಅಚ್ಚಾಗಿದೆಯಾ ಅಂತಲೂ ನೋಡಿ. ಮೊಳೆ ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುತ್ತೆ, ಪಂಕ್ಚರ್ ಅಂಗಡಿವರೆಗೆ ಹೋಗಬಹುದು.

ದುಡ್ಡಿನ ವಿಷಯಕ್ಕೆ ಬಂದರೆ, ಆನ್ ರೋಡ್ ಬೆಲೆಯನ್ನು ಬಿಡಿಸಿ ಬರೆದುಕೊಡಿ ಅಂತ ಕೇಳಿ. ಎಕ್ಸ್ ಶೋರೂಮ್ ಅಂದರೆ ಗಾಡಿಯ ಬರೀ ಬೆಲೆ, ಲೈಫ್ ಟ್ಯಾಕ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಇವು ನ್ಯಾಯವಾದದ್ದು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಆದರೆ ಅದನ್ನು ಅವರ ಹತ್ತಿರವೇ ತಗೊಳ್ಳಬೇಕು ಅಂತೇನಿಲ್ಲ. ನನ್ನ ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲಿತ್ತು. ಯಾವುದನ್ನು ಹ್ಯಾಂಡಲ್ ಮಾಡಿದಿರಿ ಅಂತ ಕೇಳಿದೆ. ಹುಡುಗ ನಕ್ಕು ಒಳಗೆ ಹೋದ, ಬಂದವನೇ ಅದನ್ನು ಹೊಡೆದು ಹಾಕಿದ. ಕೋಟಿಂಗ್, ಎಕ್ಸ್‌ಟ್ರಾ ಫಿಟ್ಟಿಂಗ್ ಎಲ್ಲಾ ಬೇಡ ಅನ್ನಿ. ಆ ದುಡ್ಡಿಗೆ ಐಎಸ್‌ಐ ಮಾರ್ಕಿನ ಒಳ್ಳೆ ಹೆಲ್ಮೆಟ್ ಬರುತ್ತೆ.

ಡೆಲಿವರಿ ದಿನ ಎರಡು ಬೀಗದಕೈ, ಇನ್ಶೂರೆನ್ಸ್ ಕಾಗದ ಕೈಗೆ ಬಂದವಾ ನೋಡಿಕೊಳ್ಳಿ. ಹತ್ತಿರದ ಬಂಕ್ ಎಲ್ಲಿದೆ ಅಂತಲೂ ಕೇಳಿಕೊಳ್ಳಿ. ಶೋರೂಮಿನವರು ಹಾಕಿ ಕೊಡುವ ಪೆಟ್ರೋಲು ಅಲ್ಲಿಗೆ ಮುಟ್ಟುವಷ್ಟೇ. ನಾನು ಕೇಳಿರಲಿಲ್ಲ. ಹಾರ ಹಾಕಿದ ಹೊಸ ಗಾಡಿಯನ್ನು ಮಾಗಡಿ ರೋಡಿನಲ್ಲಿ ಅರ್ಧ ಕಿಲೋಮೀಟರ್ ತಳ್ಳಿಕೊಂಡು ಹೋದೆ. ಸಲೀಸಾಗಿ ಹೋಯಿತು.