ಏಳು ಜನ ಶರಣಮ್ಮರು: ಹಳ್ಳಿಯ ಆರೋಗ್ಯ ಶಿಬಿರ ನಡೆಸಿದ ನನ್ನ ಅನುಭವ

ಹಾಸನದ ಕಡೆಯವಳಾದ ನಾನು ಎಂಬಿಬಿಎಸ್ ಓದಲು ಕಲಬುರಗಿಗೆ ಬಂದ ಎರಡನೆಯ ವರ್ಷ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆರೋಗ್ಯ ತಪಾಸಣಾ ಶಿಬಿರ ನಡೆಸುವ ಹೊಣೆ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ತಂಡಕ್ಕೆ ಬಂತು. ದಿನ ಗೊತ್ತುಮಾಡಿದವಳು ನಾನೇ. ಎಳ್ಳು ಅಮಾವಾಸ್ಯೆಗೆ ನಮಗೆ ರಜೆ ಇತ್ತು. ಹಬ್ಬದ ದಿನ ಊರಿನವರೆಲ್ಲ ಮನೆಯಲ್ಲೇ ಇರುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಬ್ಯಾನರು ಕಟ್ಟಿ ಕುಳಿತೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬುಗಳ ಬುತ್ತಿ ಹೊತ್ತು ಊರಿಗೆ ಊರೇ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಿ ಪೂಜಿಸಲು, ಹೊಲಕ್ಕೆ ಹೋಗಿತ್ತು. "ಅಮಾಸಿ ದಿನ ಊರಾಗ ಯಾರ್ ಇರ್ತಾರ್ರಿ ಮೇಡಂ? ನನಗ ಒಂದ್ ಮಾತ್ ಕೇಳಬಾರದೇನ್ರಿ?" ಎಂದ ಆಶಾ ಕಾರ್ಯಕರ್ತೆ, ನಮ್ಮನ್ನೂ ತಮ್ಮ ಹೊಲಕ್ಕೇ ಕರೆದುಕೊಂಡು ಹೋಗಿ ಉಣಬಡಿಸಿದರು. ಆ ದಿನ ಒಬ್ಬರ ರಕ್ತದೊತ್ತಡವನ್ನೂ ನೋಡದೆ, ಹೊಟ್ಟೆ ತುಂಬಾ ಉಂಡು ಹಿಂದಿರುಗಿದೆವು.

ಅಲ್ಲಿಂದ ಮುಂದೆ ಆಶಾ ಅಕ್ಕನನ್ನು ಕೇಳದೆ ಯಾವ ದಿನವನ್ನೂ ನಾವು ಗೊತ್ತುಮಾಡಲಿಲ್ಲ. ಹತ್ತಿ ಬಿಡಿಸುವ ಮತ್ತು ತೊಗರಿ ರಾಶಿಯ ತಿಂಗಳುಗಳಲ್ಲಿ ಹೆಣ್ಣುಮಕ್ಕಳು ಎಂಟು ಗಂಟೆಗೆಲ್ಲ ಕೂಲಿಗೆ ಹೊರಡುತ್ತಾರೆ. ಶಿಬಿರಕ್ಕಾಗಿ ಒಂದು ದಿನದ ಕೂಲಿ ಬಿಡಿ ಎಂದು ಅವರಿಗೆ ಹೇಳುವ ಅಧಿಕಾರ ನಮಗಿಲ್ಲ. ಆದ್ದರಿಂದ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಒಂದು ಪಾಳಿ, ಸಂಜೆ ಆರರ ನಂತರ ಇನ್ನೊಂದು ಪಾಳಿ ಎಂದು ಮಾಡಿಕೊಂಡೆವು. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಗಂಡಸರು ಸಿಗುವುದು ಆ ದಿನವೇ ಹೆಚ್ಚು. ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿದ್ದಕ್ಕಿಂತ, ಹಿಂದಿನ ಸಂಜೆ ಆಶಾ ಅಕ್ಕ ಮನೆಮನೆಗೆ ಹೋಗಿ ಹೇಳಿದ್ದರಿಂದಲೇ ಜನ ಬಂದರು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದದ್ದು ನೋಂದಣಿ, ಎತ್ತರ, ತೂಕ, ರಕ್ತದೊತ್ತಡ ಮತ್ತು ಬೆರಳ ತುದಿಯ ರಕ್ತದಿಂದ ನೋಡುವ ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆಗಳನ್ನು ಮಾತ್ರ. ರೋಗ ಹೇಳುವುದು, ಔಷಧ ಬರೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಕೆಲಸ. ಅವರು ಬರುವುದು ಖಚಿತವಾಗದ ದಿನ ನಾವು ಶಿಬಿರವನ್ನೇ ಮುಂದೂಡುತ್ತಿದ್ದೆವು. ಚುಚ್ಚಿದ ಸೂಜಿಗಳನ್ನು ಬಿಳಿಯ ಗಟ್ಟಿ ಡಬ್ಬಿಗೆ, ರಕ್ತ ತಾಗಿದ ಹತ್ತಿಯನ್ನು ಹಳದಿ ಚೀಲಕ್ಕೆ ಹಾಕಿ ಅವರ ಕೇಂದ್ರಕ್ಕೇ ಒಪ್ಪಿಸುತ್ತಿದ್ದೆವು. ಸಕ್ಕರೆ ಪರೀಕ್ಷೆಯ ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕು ಎಂಬುದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅವನ್ನು ಜೀಪಿನಲ್ಲಿ ಬಿಟ್ಟು ಒಂದು ಪೊಟ್ಟಣವನ್ನೇ ಹಾಳುಮಾಡಿಕೊಂಡ ಮೇಲೆ ನಾವು ಅದನ್ನು ಓದಿದೆವು.

ರಕ್ತದೊತ್ತಡ ನೋಡುವುದು ಸುಲಭ ಎಂದುಕೊಂಡಿದ್ದೆವು. ಇಲ್ಲಿನ ಹೆಣ್ಣುಮಕ್ಕಳ ಕುಬಸದ ತೋಳು ಮೊಣಕೈವರೆಗೆ ಬಿಗಿಯಾಗಿರುತ್ತದೆ. ಅದನ್ನು ಮೇಲಕ್ಕೆ ಸುತ್ತಿದರೆ ಸುರುಳಿಯೇ ತೋಳನ್ನು ಹಿಡಿದು ಅಳತೆ ತಪ್ಪುತ್ತದೆ, ಬಟ್ಟೆಯ ಮೇಲೆ ಪಟ್ಟಿ ಕಟ್ಟಿದರೂ ತಪ್ಪುತ್ತದೆ. ಎಲ್ಲರೆದುರು ತೋಳು ಬಿಡಿಸಿ ಎನ್ನಲು ಬಾರದು. ಶಾಲೆಯ ಒಂದು ಕೋಣೆಗೆ ಎರಡು ಹಾಸಿಗೆ ಬಟ್ಟೆಗಳ ಮರೆ ಕಟ್ಟಿ, ಒಳಗೆ ಹುಡುಗಿಯರನ್ನೇ ಕೂರಿಸಿದ ಮೇಲಷ್ಟೇ ನಮ್ಮ ಅಂಕಿಗಳ ಮೇಲೆ ನಮಗೇ ನಂಬಿಕೆ ಬಂತು. ನಡೆದು ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸದೆ ನೋಡಬಾರದು ಎಂಬ ಪಾಠವನ್ನು ಪುಸ್ತಕದಲ್ಲಿ ಓದಿದ್ದರೂ, ಹೊಲದಿಂದ ಓಡಿಬಂದ ಒಬ್ಬರ 160 ಕುಳಿತ ಮೇಲೆ 136 ಆದಾಗಲೇ ಅದು ತಲೆಗೆ ಹೋದದ್ದು.

ಭಾಷೆಯ ವಿಷಯದಲ್ಲಿ, ಕನ್ನಡವೇ ತಾನೇ ಎಂಬ ನಮ್ಮ ಉಡಾಫೆ ಒಂದು ಅನಾಹುತವನ್ನೇ ತರುವುದರಲ್ಲಿತ್ತು. ಸುಮಾರು ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳು ತಲೆ ತಗ್ಗಿಸಿಕೊಂಡು "ಹೊಟ್ಟಿಲೆ ಅದೀನ್ರಿ" ಎಂದಳು. ನೋಂದಣಿಯ ಮೇಜಿನಲ್ಲಿದ್ದ ಉಡುಪಿಯ ಗೆಳೆಯ ಅದನ್ನು ಹೊಟ್ಟೆನೋವು ಎಂದು ಬರೆದುಕೊಂಡ. ತಾನು ಬಸುರಿ ಎಂದು ಅವಳು ಹೇಳಿದ್ದಳು. ವೈದ್ಯಾಧಿಕಾರಿ ಮತ್ತೆ ಕೇಳಿ ತಿಳಿದು ಹಿಮೋಗ್ಲೋಬಿನ್ ನೋಡಿಸಿದಾಗ 6.8 ಬಂತು. ಬಸುರಿಯರಲ್ಲಿ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರವಾದದ್ದು; ಬರಿಯ ಕಬ್ಬಿಣಾಂಶದ ಮಾತ್ರೆ ಕೊಟ್ಟು ಮನೆಗೆ ಕಳಿಸುವ ಸ್ಥಿತಿ ಅದಲ್ಲ. ಅವಳನ್ನು ಅಂದೇ ಆಸ್ಪತ್ರೆಗೆ ಕಳುಹಿಸಲಾಯಿತು. ಮುಂದಿನ ಶಿಬಿರದಿಂದ ನೋಂದಣಿಯ ಮೇಜಿಗೆ ಅಫಜಲಪುರದ ಹುಡುಗಿಯೊಬ್ಬಳನ್ನೂ, ತಾಂಡಾದಿಂದ ಬರುವ ಮುದುಕಿಯರಿಗಾಗಿ ಲಂಬಾಣಿ ಬಲ್ಲ ಜೂನಿಯರ್ ಒಬ್ಬನನ್ನೂ ಕೂರಿಸಿದೆವು.

ಇಷ್ಟಾದರೂ ನಮ್ಮ ಶಿಬಿರದ ನಿಜವಾದ ದೋಷ ಕಂಡದ್ದು ಮೂರು ವಾರಗಳ ನಂತರ. ರಕ್ತದೊತ್ತಡ 190/110 ಇದ್ದ ಒಬ್ಬರಿಗೆ ಚೀಟಿ ಬರೆದುಕೊಟ್ಟಿದ್ದೆವು. ಅವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿಯೇ ಇಲ್ಲ ಎಂದು ಅಲ್ಲಿನ ನರ್ಸ್ ಹೇಳಿದಾಗ ಹುಡುಕಿಕೊಂಡು ಹೊರಟೆವು. ನಮ್ಮ ರಿಜಿಸ್ಟರಿನಲ್ಲಿ ಇದ್ದದ್ದು "ಶರಣಮ್ಮ, 45" ಎಂದಷ್ಟೇ. ಶರಣಬಸವೇಶ್ವರರಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ, ಆ ಒಂದು ಹಳ್ಳಿಯಲ್ಲೇ, ಆ ವಯಸ್ಸಿನ ಆಸುಪಾಸಿನ ಶರಣಮ್ಮಂದಿರು ಏಳು ಜನ ಇದ್ದರು. ಐದನೆಯ ಮನೆಯಲ್ಲಿ ನಮಗೆ ಬೇಕಾದವರು ಸಿಕ್ಕರು. ಟ್ರಂಕಿನಿಂದ, ಆಧಾರ್ ಕಾರ್ಡಿನ ಜೊತೆ ಮಡಿಸಿಟ್ಟಿದ್ದ ನಮ್ಮ ಚೀಟಿಯನ್ನು ತೆಗೆದು ತೋರಿಸಿ, "ನೀವು ಕೊಟ್ಟಿದ್ದು ಜ್ವಾಪಾನ ಇಟ್ಟೀನ್ರಿ ಯವ್ವಾ" ಎಂದರು. ಅದನ್ನು ಎಲ್ಲಿಗೆ ಒಯ್ಯಬೇಕು, ಯಾವ ದಿನ, ಯಾರನ್ನು ಕಾಣಬೇಕು ಎಂದು ನಾವು ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟರಲ್ಲಿ ನಮ್ಮ ವರದಿ, ಬ್ಯಾನರಿನ ಎದುರು ನಿಂತ ಫೋಟೋಗಳ ಸಮೇತ, ಕಾಲೇಜಿಗೆ ಸಲ್ಲಿಕೆಯಾಗಿತ್ತು.

ಆಮೇಲೆ ಒಂದು ನೀಲಿ ರಟ್ಟಿನ ವಹಿ ಮಾಡಿದೆವು. ಎಲ್ಲರ ಹೆಸರೂ ಅದರಲ್ಲಿಲ್ಲ. ಮುಂದೆ ಕಳುಹಿಸಬೇಕಾದವರದ್ದು ಮಾತ್ರ. ಹೆಸರಿನ ಪಕ್ಕ ಊರಿನಲ್ಲಿ ಕರೆಯುವ ಹೆಸರು, "ಹಿರೇಬಾವಿ ಹತ್ತಿರ, ಪರ್ಸಿಕಲ್ಲಿನ ಕಟ್ಟೆ ಇರುವ ಮನೆ" ಎಂಬಂಥ ಗುರುತು, ಮನೆಯಲ್ಲಿ ಯಾರದಾದರೂ ಒಬ್ಬರ ಫೋನು, ಅಂಕಿ, ಹೋಗಬೇಕಾದ ದಿನ. ಕೊನೆಯ ಕಾಲಮ್ಮಿನಲ್ಲಿ ಹೋಗಿ ಮುಟ್ಟಿದ ದಿನ. ಆ ಕೊನೆಯ ಕಾಲಮ್ಮು ತುಂಬುವವರೆಗೆ ಶಿಬಿರ ಮುಗಿದಿಲ್ಲ ಎಂದು ನಾವು ನಿರ್ಧರಿಸಿಕೊಂಡೆವು. ಕಲ್ಲಿನ ಖಣಿಗಳಲ್ಲಿ ದುಡಿಯುವ ಎರಡು ವಾರಕ್ಕೂ ಮೀರಿದ ಕೆಮ್ಮಿನವರನ್ನು ಧೂಳಿನ ಕೆಮ್ಮೆಂದು ಬಿಡದೆ ಕ್ಷಯ ಇದೆಯೇ ಎಂದು ನೋಡುವ ಕಫ ಪರೀಕ್ಷೆಗೆ ಕಳುಹಿಸಲೂ ಇದೇ ವಹಿ ನೆರವಾಯಿತು.

ಮಾತ್ರೆ ಹಂಚುವ ಬಗ್ಗೆ ತಂಡದಲ್ಲೇ ಜಗಳವಾಗಿತ್ತು. "ಗುಳಿಗಿ ಇಲ್ಲದ ದವಾಖಾನಿ ಎಂಥಾದ್ರಿ?" ಎಂದು ಅಜ್ಜನೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ದಾನಿಗಳು ಕೊಟ್ಟ ಹತ್ತು ದಿನದ ಬಿಪಿ ಮಾತ್ರೆ ಹನ್ನೊಂದನೆಯ ದಿನ ರೋಗಿಯನ್ನು ಇದ್ದಲ್ಲಿಗೇ ತಂದು ನಿಲ್ಲಿಸುತ್ತದೆ ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಆರೋಗ್ಯ ಕೇಂದ್ರ ಒಂಬತ್ತು ಕಿಲೋಮೀಟರು ದೂರ, ಬಸ್ಸು ದಿನಕ್ಕೆ ಎರಡು ಬಾರಿ. ಅಜ್ಜನ ಮಾತೂ ಸುಳ್ಳಲ್ಲ. ವೈದ್ಯಾಧಿಕಾರಿಯವರ ಬಳಿ ಮಾತನಾಡಿ, ಒಮ್ಮೆ ಅವರಿಂದ ಔಷಧ ಬರೆಸಿಕೊಂಡವರಿಗೆ ಮುಂದಿನ ತಿಂಗಳುಗಳ ಮಾತ್ರೆ ಊರಿನ ಉಪಕೇಂದ್ರದಲ್ಲೇ ಸಿಗುವಂತೆ ಮಾಡಿಕೊಂಡೆವು.

ಇಂಟರ್ನ್‌ಶಿಪ್ಪಿಗೆ ಹೋಗುವ ಮುನ್ನ ವಹಿಯನ್ನು ಜೂನಿಯರುಗಳಿಗೆ ಕೊಡುವಾಗ ನಾಲ್ವರ ಹೆಸರಿನ ಮುಂದೆ ಕೊನೆಯ ಕಾಲಮ್ಮು ಖಾಲಿಯಿತ್ತು. ಫೋನು ಮಾಡಿದರೆ ಮೂವರು ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದರು, ಒಬ್ಬರ ಫೋನು ಹತ್ತಲಿಲ್ಲ. "ಯುಗಾದಿಗೆ ಊರಿಗೆ ಬರುತ್ತಾರೆ, ಆಶಾ ಅಕ್ಕನನ್ನು ಮೊದಲು ಕೇಳಿ" ಎಂದು ಆ ಸಾಲುಗಳ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ.