ಫೋನ್ ಎತ್ತುವ ಮುಂಚೆ ಮೂರು ಉಸಿರು

ಕೊಪ್ಪಳದಿಂದ ಹೊಸಪೇಟೆಗೆ ಓಡಾಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಹದಿನಾಲ್ಕು ವರ್ಷದ ಸರ್ವಿಸ್. ರಾತ್ರಿ ಡಿಪೋದಲ್ಲಿ ಕ್ಯಾಶ್ ಕಟ್ಟುವಾಗ ಐದು ರೂಪಾಯಿ ಕಡಿಮೆ ಬಂದರೂ ಕೂತು ಮತ್ತೆ ಎಣಿಸುತ್ತೇನೆ. ಆದರೆ ನನ್ನದೇ ಸಂಬಳ ಹದಿನೈದನೇ ತಾರೀಖಿನ ಹೊತ್ತಿಗೆ ಎಲ್ಲಿ ಹೋಗಿರುತ್ತದೆ ಅಂತ ಎಷ್ಟೋ ವರ್ಷ ಎಣಿಸಿರಲಿಲ್ಲ.

ಹೋಗುತ್ತಿದ್ದದ್ದು ತಮ್ಮನ ಕೈಗೆ. ಅವನಿಗೆ ಕುಡಿತದ ಚಟ. ಸಂಜೆ ಬಸ್ಸು ಮುನಿರಾಬಾದ್ ದಾಟುವಾಗ ಫೋನ್ ಬರುತ್ತಿತ್ತು. "ಯಕ್ಕಾ, ಎರಡ್ ಸಾವಿರ ಹಾಕಬೇ, ನಾಳೆ ಕೊಡ್ತೀನಿ." ಮೂರು ಸಲ ಬೈಯುತ್ತಿದ್ದೆ, ನಾಲ್ಕನೇ ಸಲಕ್ಕೆ ಹಾಕುತ್ತಿದ್ದೆ. ಅವನು ಕೆಲಸಕ್ಕೆ ಹೋಗದ ದಿನ ಅವನ ಮಾಲೀಕರಿಗೆ ನಾನೇ ಫೋನ್ ಮಾಡಿ "ಜ್ವರ ಬಂದಾವ್ರೀ" ಅಂತ ಸುಳ್ಳು ಹೇಳುತ್ತಿದ್ದೆ. ಅವನು ಮನೆ ಸೇರಿದ ಸುದ್ದಿ ಬರುವ ತನಕ ನನಗೆ ತುತ್ತು ಇಳಿಯುತ್ತಿರಲಿಲ್ಲ. ಒಂದು ವರ್ಷ ಮಗಳ ಪಿಯುಸಿ ಫೀಸಿಗೆ ಎತ್ತಿಟ್ಟ ದುಡ್ಡೂ ಹೋಯಿತು. ಮಗಳು ಜಗಳ ಮಾಡಲಿಲ್ಲ. "ಮಾಮಾಗ ಕೊಟ್ಟಿಯೇನು?" ಅಂತ ಕೇಳಿ ಸುಮ್ನಾದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ರಜೆ ಹಾಕಿ ಒಬ್ಬ ಆಪ್ತ ಸಮಾಲೋಚಕರ ಹತ್ತಿರ ಹೋಗಿ ಕೂತೆ.

ಅಲ್ಲಿ ಕಲಿತದ್ದು, ಆಮೇಲೆ ಮೂರು ವರ್ಷ ಮಾಡಿ ನೋಡಿದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಕುಡಿಯುವವರೇ ಇರಬೇಕೆಂದಿಲ್ಲ. ಒಬ್ಬರ ಮುಖ ನೋಡಿ ನಿಮ್ಮ ದಿನ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಆಗುತ್ತಿದ್ದರೆ ಇದು ನಿಮಗೂ ಉಪಯೋಗಕ್ಕೆ ಬಂದೀತು.

ಇದಕ್ಕೆ ಕೋಡಿಪೆಂಡೆನ್ಸಿ ಅನ್ನುತ್ತಾರೆ. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ, ಕುಡಿತ ಬಿಡಿಸುವ ಕೇಂದ್ರಗಳಲ್ಲಿ ಬಳಕೆಗೆ ಬಂದ ಮಾತು. ಕುಡಿಯುವವನು ಬಾಟಲಿಯ ಹಿಂದೆ, ಮನೆಯವರು ಅವನ ಹಿಂದೆ. ಅವನನ್ನು ಕಾಯುವುದು, ಮುಚ್ಚಿಡುವುದು, ಸಾಲ ತೀರಿಸುವುದು, ಇದರಲ್ಲೇ ಅವರ ಆಯುಷ್ಯ ಹೋಗುತ್ತದೆ. ವೈದ್ಯರ ಕಾಯಿಲೆಗಳ ಪಟ್ಟಿಯಲ್ಲಿ ಈ ಹೆಸರಿಲ್ಲ. ಹಾಗಾಗಿ ನನಗೇನೋ ರೋಗ ಬಂದಿದೆ ಅಂತ ಹೆದರಬೇಡಿ. ಇದೊಂದು ರೂಢಿ, ಅಷ್ಟೇ. ಹೆಚ್ಚಾಗಿ ಚಿಕ್ಕವರಿದ್ದಾಗಲೇ ಬೀಳುವ ರೂಢಿ. ನಮ್ಮವ್ವ ನನಗೆ ಎಂಟು ವರ್ಷ ಇದ್ದಾಗಿನಿಂದ "ನೀನ ಅವಂಗ ಎರಡನೇ ತಾಯಿ" ಅನ್ನುತ್ತಿದ್ದಳು.

ಹಾಗಾದರೆ ಒಡಹುಟ್ಟಿದವರಿಗೆ ಕೊಡುವುದೇ ತಪ್ಪಾ? ಖಂಡಿತ ಅಲ್ಲ. ಇಲ್ಲ ಅನ್ನಬಹುದಿತ್ತು, ಆದರೂ ಮನಸ್ಸು ಬಂದು ಕೊಟ್ಟೆ. ಅದು ಪ್ರೀತಿ. ಇಲ್ಲ ಅನ್ನಲು ಬಾಯೇ ಬರಲಿಲ್ಲ, ಅದಕ್ಕೆ ಕೊಟ್ಟೆ. ಇದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಯಾವುದು ನಡೆಯುತ್ತಿದೆ ಅಂತ ನೋಡಿಕೊಳ್ಳಲು ಅರಿವು ಬೇಕು. ಮೈಂಡ್‌ಫುಲ್‌ನೆಸ್ ಅಂತ ಈಗ ಎಲ್ಲ ಕಡೆ ಹೇಳುತ್ತಾರಲ್ಲ, ಅದೇ. ಬುದ್ಧನ ಕಾಲದ ಪಾಳಿ ಮಾತಿನಲ್ಲಿ ಅದಕ್ಕೆ ಸತಿ ಅನ್ನುತ್ತಿದ್ದರು, ಸಂಸ್ಕೃತದ ಸ್ಮೃತಿ. ಮೂಲದಲ್ಲಿ ಅದರ ಅರ್ಥ ನೆನಪು. ಈಗ ಇಲ್ಲಿ ನಾನೂ ಒಬ್ಬಳು ಇದ್ದೇನೆ ಅನ್ನುವ ನೆನಪು ಅಂತ ನಾನು ಅದನ್ನು ತಿಳಿದುಕೊಂಡಿದ್ದೇನೆ.

ಮೊದಲ ಹದಿನೈದು ದಿನ ಏನನ್ನೂ ಬದಲಾಯಿಸಬೇಡಿ. ಬರೆದಿಡಿ, ಸಾಕು. ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಆದರೂ ನಡೆಯುತ್ತದೆ. ಯಾರು ಕೇಳಿದರು, ಏನು ಕೇಳಿದರು, ಆ ಕ್ಷಣ ಮೈಯಲ್ಲಿ ಎಲ್ಲಿ ಏನಾಯಿತು, ನಾನು ಏನು ಹೇಳಿದೆ, ರಾತ್ರಿ ಮಲಗುವಾಗ ಹೇಗನ್ನಿಸಿತು. ಇಷ್ಟೇ. ಮೈಯ ವಿಷಯ ಬಿಡಬೇಡಿ, ಅದೇ ಮುಖ್ಯ. ತಮ್ಮನ ಹೆಸರು ಫೋನಿನಲ್ಲಿ ಕಂಡ ತಕ್ಷಣ ನನಗೆ ಹೊಕ್ಕಳಿನ ಮೇಲೆ ಹಿಡಿದು ತಿರುವಿದ ಹಾಗೆ ಆಗುತ್ತಿತ್ತು, ದವಡೆ ಗಟ್ಟಿಯಾಗುತ್ತಿತ್ತು. ಹನ್ನೊಂದು ವರ್ಷದಿಂದ ಹಾಗೆ ಆಗುತ್ತಿತ್ತು ಅಂತ ಕಾಣುತ್ತದೆ. ಬರೆದಾಗಲೇ ಗೊತ್ತಾಯಿತು.

ಹದಿನೈದು ದಿನ ಆದ ಮೇಲೆ ನಮ್ಮನೆಯವರು ಮಲಗಿದ ಮೇಲೆ ಕೂತು ಲೆಕ್ಕ ಮಾಡಿದೆ. ತಮ್ಮನಿಂದ ಬಂದ ಫೋನ್ 17. ಅದರಲ್ಲಿ ದುಡ್ಡಿಗಾಗಿ 9. ಬಟವಾಡೆ ಆಗುವ ಶನಿವಾರದ ಮರುದಿನವೇ ಜಾಸ್ತಿ. ಇದು ನನಗೆ ಆಶ್ಚರ್ಯ ಆಗಲಿಲ್ಲ. ಆದರೆ ನಾನು ಅವನಿಗೆ ಮಾಡಿದ ಫೋನ್ 31. "ಎಲ್ಲಿದ್ದಿ? ಉಂಡೆಯೇನು? ಯಾರ ಜೋಡಿ ಇದ್ದಿ? ಫೋನ್ ಯಾಕ ಎತ್ತಲಿಲ್ಲ?" ಅವನು ನನ್ನ ಬದುಕಿನೊಳಗೆ ನುಗ್ಗುತ್ತಿದ್ದಾನೆ ಅಂತಲೇ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಅವನ ಬದುಕಿನೊಳಗೆ ನಾನು ಅವನಿಗಿಂತ ಹೆಚ್ಚು ಸಲ ನುಗ್ಗುತ್ತಿದ್ದೆ. ಆ ಹಾಳೆ ನೋಡಿ ಅತ್ತಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ನೀವು ಮಾಡಿದ ಫೋನನ್ನೂ ದಯವಿಟ್ಟು ಬರೆಯಿರಿ. ಗೆರೆ ಎಳೆಯಬೇಕಾದದ್ದು ಎರಡೂ ಕಡೆ.

ಬರೆಯುವುದರ ಜೊತೆಗೆ ದಿನಕ್ಕೆ ಒಂದು ಕೆಲಸವನ್ನು ಪೂರ್ತಿ ಗಮನ ಇಟ್ಟು ಮಾಡಿ. ಮೈಂಡ್‌ಫುಲ್‌ನೆಸ್ ಅನ್ನು ಆಸ್ಪತ್ರೆಯ ರೋಗಿಗಳಿಗೆ ಕಲಿಸುವುದನ್ನು 1979ರಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಶುರು ಮಾಡಿದರು. ಎಂಟು ವಾರದ ಪಾಠ ಅದು. ಕೂತು ಮಾಡುವ ಧ್ಯಾನ ಅದರಲ್ಲಿದೆ. ಜೊತೆಗೆ ಉಣ್ಣುವುದು, ನಡೆಯುವುದು, ಪಾತ್ರೆ ತೊಳೆಯುವುದು, ಇಂಥವೂ ಅಭ್ಯಾಸವೇ. ಬೆಳಿಗ್ಗೆ ಆರಕ್ಕೆ ಡ್ಯೂಟಿ ಇರುವ ನನಗೆ ಕಣ್ಣು ಮುಚ್ಚಿ ಕೂರಲು ಪುರುಸೊತ್ತಿಲ್ಲ. ನಾನು ರೊಟ್ಟಿ ಆರಿಸಿಕೊಂಡೆ.

ಕುದಿಯುವ ನೀರು ಜೋಳದ ಹಿಟ್ಟಿಗೆ ಬಿದ್ದಾಗ ಬರುವ ವಾಸನೆ ಇದೆಯಲ್ಲ, ಅಲ್ಲಿಂದ ಶುರು. ನಾದುವಾಗ ಅಂಗೈಗೆ ಎಷ್ಟು ಬಿಸಿ ಅಂತ ನೋಡುತ್ತೇನೆ. ಬಡಿಯುವಾಗ ಸಪ್ಪಳ ಕೇಳುತ್ತೇನೆ. ಮಧ್ಯದಲ್ಲಿ ಒಂಥರ, ಅಂಚಿಗೆ ಬಂದಾಗ ಇನ್ನೊಂಥರ. ಕೈಕೆಳಗೆ ರೊಟ್ಟಿ ತಾನೇ ತಿರುಗುತ್ತಾ ದೊಡ್ಡದಾಗುತ್ತದೆ. ಅಷ್ಟರಲ್ಲಿ ಮನಸ್ಸು ಹೋಗಿಬಿಡುತ್ತದೆ, ನಿನ್ನೆ ರಾತ್ರಿ ಅವನು ಎಲ್ಲಿ ಮಲಗಿದನೋ ಅಂತ. ಹೋದದ್ದು ನನಗಿಂತ ಮೊದಲು ರೊಟ್ಟಿಗೆ ಗೊತ್ತಾಗುತ್ತದೆ, ಅಂಚು ಹರಿದುಕೊಳ್ಳುತ್ತದೆ. ಬೈದುಕೊಳ್ಳುವುದಿಲ್ಲ. ಮನಸ್ಸು ಹೋಯಿತು ಅಂತ ನೋಡಿ, ಹರಿದ ಕಡೆ ಬೆರಳಿನಿಂದ ಒತ್ತಿ ಕೂಡಿಸಿ, ಮತ್ತೆ ಸಪ್ಪಳಕ್ಕೆ ಬರುತ್ತೇನೆ. ಹೋಗುವುದು, ನೋಡುವುದು, ಬರುವುದು. ಇಡೀ ಅಭ್ಯಾಸವೇ ಇಷ್ಟು. ಹೆಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ಸವರಿದಾಗ ಚುಂಯ್ ಅನ್ನುವುದರೊಳಗೆ ಒಂದು ರೊಟ್ಟಿಯ ಮಟ್ಟಿಗೆ ಮನಸ್ಸು ಮೂರು ಸಲವಾದರೂ ಹೋಗಿ ಬಂದಿರುತ್ತದೆ.

ಶಾಂತವಾಗಿದ್ದಾಗ ಕಲಿಯದಿದ್ದರೆ ಗದ್ದಲದಲ್ಲಿ ಇದು ಕೈಗೆ ಬರುವುದಿಲ್ಲ. ಅದಕ್ಕೇ ದಿನಾ ಮಾಡಬೇಕು.

ಎರಡು ವಾರ ಕಳೆದ ಮೇಲೆ ಫೋನಿನ ಕೆಲಸ. ರಿಂಗ್ ಆದಾಗ ಎತ್ತಬೇಡಿ. ಮೊದಲು ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ನನಗಂತೂ ಬಸ್ಸಿನಲ್ಲಿ ಇಂಜಿನ್ನಿನ ನಡುಕ ಹಿಮ್ಮಡಿಗೆ ತಟ್ಟುತ್ತದೆ, ಅದನ್ನೇ ಹಿಡಿಯುತ್ತೇನೆ. ಆಮೇಲೆ ಮೂರು ಉಸಿರು. ಒಳಗೆ ತೆಗೆದುಕೊಂಡದ್ದಕ್ಕಿಂತ ಬಿಡುವುದು ಉದ್ದ ಇರಲಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನ ಆಗುತ್ತದೆ, ದೇಹದ ರೀತಿಯೇ ಹಾಗೆ. ಮೂರನೇ ಉಸಿರಿಗೆ ಒಳಗೆ ಇದ್ದದ್ದಕ್ಕೆ ಹೆಸರು ಇಡಿ. "ಹೊಟ್ಟೆ ಬಿಗಿ." "ಭಯ." "ಸಿಟ್ಟು." ಒಂದೇ ಮಾತು ಸಾಕು. ಆಗ ಎತ್ತಿ. ಅಥವಾ ಎತ್ತಬೇಡಿ, ಡ್ಯೂಟಿ ಮುಗಿಸಿ ನೀವೇ ಮಾಡಿ. ಎತ್ತದೇ ಇರುವುದೂ ನಿಮ್ಮ ಕೈಯಲ್ಲೇ ಇದೆ ಅನ್ನುವುದು ಗೊತ್ತಾಗಲಿ ಅಂತಲೇ ಈ ಮೂರು ಉಸಿರು.

ಇಲ್ಲ ಅನ್ನುವುದನ್ನು ಸಣ್ಣದರಿಂದ ಶುರು ಮಾಡಿ. ನಾನು ಡಿಪೋದಲ್ಲಿ ಶುರು ಮಾಡಿದೆ. ಭಾನುವಾರದ ಡ್ಯೂಟಿ ಬದಲಿ ಮಾಡಿಕೊಳ್ಳಿ ಅಂತ ಯಾರಾದರೂ ಕೇಳಿದರೆ "ಈಗ ಹೇಳಾಕ ಆಗಂಗಿಲ್ರೀ, ನಾಳೆ ಮುಂಜಾನೆ ಹೇಳ್ತೀನಿ" ಅನ್ನುತ್ತಿದ್ದೆ. ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಯಾರಿಗೂ ನೋವಾಗುವುದಿಲ್ಲ, ನಿಮಗೆ ಒಂದು ರಾತ್ರಿ ಸಿಗುತ್ತದೆ.

ಇನ್ನು ದೊಡ್ಡದು. ನನ್ನ ಗೆರೆ ಅಂದರೆ ನಾನು ಏನು ಮಾಡುತ್ತೇನೆ ಅನ್ನುವ ಮಾತು. ಅವನು ಏನು ಮಾಡಬೇಕು ಅನ್ನುವುದಲ್ಲ. "ನೀನು ಕುಡಿಯಬಾರದು" ಅನ್ನುವುದು ಆಜ್ಞೆ. ಅದನ್ನು ಪಾಲಿಸುವುದು ಬಿಡುವುದು ಅವನಿಗೆ ಸೇರಿದ್ದು. "ಕುಡಿದು ಫೋನ್ ಮಾಡಿದರೆ ನಾನು ಇಟ್ಟುಬಿಡುತ್ತೇನೆ" ಅನ್ನುವುದು ಗೆರೆ, ಅದು ನಾನೇ ಮಾಡುವ ಕೆಲಸ. ಕುಡಿಯದೇ ಇರುವ ಹೊತ್ತಿನಲ್ಲಿ ಹೇಳಿ. ಚಿಕ್ಕದಾಗಿ ಹೇಳಿ. ಕಾರಣ ಜೋಡಿಸಬೇಡಿ. ಮಗಳ ಫೀಸು ಐತಿ ಅಂದರೆ ಫೀಸಿಗೆ ಇನ್ನೂ ಟೈಮ್ ಐತಲ್ಲ ಅನ್ನುತ್ತಾರೆ, ಅಲ್ಲಿಂದ ಚೌಕಾಸಿ ಶುರು.

ನಾನು ಒಂದು ಭಾನುವಾರ ಮಧ್ಯಾಹ್ನ ಅವನನ್ನು ಊಟಕ್ಕೆ ಕರೆದೆ. ಉಣ್ಣಲು ಬಿಟ್ಟೆ. ಕೈ ತೊಳೆದು ಕೂತ ಮೇಲೆ ಹೇಳಿದೆ: "ನೋಡಪ್ಪಾ, ಇನ್ನ ಮ್ಯಾಲೆ ನಾ ರೊಕ್ಕ ಕೊಡಂಗಿಲ್ಲ. ನಿನ್ನ ಮಾಲೀಕರಿಗೆ ಫೋನೂ ಮಾಡಂಗಿಲ್ಲ. ಯಾವಾಗ ಬಂದರೂ ಊಟ ಐತಿ. ದವಾಖಾನಿಗೆ ಹೋಗ್ತೀನಿ ಅಂದ್ರ ಡ್ಯೂಟಿ ಬಿಟ್ಟು ಜೋಡಿ ಬರ್ತೀನಿ." ಅವನು ತಾಟು ನೋಡುತ್ತಾ ಕೂತ. "ನೀನೂ ಹಂಗ ಆದಿ, ಹೌದಲ್ಲ?" ಅಂದು ಎದ್ದು ಹೋದ.

ಆಮೇಲಿನ ಅರ್ಧ ಗಂಟೆಯೇ ಎಲ್ಲಕ್ಕಿಂತ ಕಷ್ಟ, ಅದರ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ. ಎದೆ ಭಾರ, ಗಂಟಲು ಕಟ್ಟುವುದು, ಓಡಿಹೋಗಿ ಕೈಯಲ್ಲಿ ಐದು ನೂರಾದರೂ ಇಡಬೇಕು ಅನ್ನುವ ಒತ್ತಡ. ನಾನು ಅಡುಗೆಮನೆಯ ನೆಲಕ್ಕೆ ಕೂತು ಎದೆಯ ಮೇಲೆ ಕೈ ಇಟ್ಟುಕೊಂಡೆ. ಅಪರಾಧಿ ಅನ್ನಿಸುತ್ತಿದೆ ಅಂತ ಹೆಸರು ಇಟ್ಟೆ. ಎಲ್ಲಿದೆ ಅಂತ ನೋಡಿದೆ. ಅದು ಏರಿತು, ಇನ್ನೂ ಏರಿತು, ಆಮೇಲೆ ಇಳಿಯಿತು. ಏನೂ ಮಾಡದೇ ಇದ್ದರೂ ಇಳಿಯಿತು. ನೀವೂ ಗಡಿಯಾರ ನೋಡಿ ಕೂರಿ. ಹಳೇ ರೂಢಿ ಮುರಿದಾಗಲೂ ಮನಸ್ಸು ತಪ್ಪು ಮಾಡಿದ ಹಾಗೇ ಕೂಗುತ್ತದೆ. ಕೂಗಿದ ಮಾತ್ರಕ್ಕೆ ತಪ್ಪು ಮಾಡಿದ್ದೀರಿ ಅಂತಲ್ಲ.

ಮೊದಲ ತಿಂಗಳು ಫೋನ್ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಹಿಂದೆ ನಾಲ್ಕನೇ ಸಲಕ್ಕೆ ಸಿಗುತ್ತಿತ್ತಲ್ಲ, ಈಗ ಎಂಟು ಸಲ ಕೇಳಿ ನೋಡುತ್ತಾರೆ. ಎಂಟನೇ ಸಲಕ್ಕೆ ಕೊಟ್ಟರೆ ಎಂಟು ಸಲ ಕೇಳಬೇಕು ಅಂತ ನಾವೇ ಕಲಿಸಿದಂತೆ. ಹಿರಿಯರೂ ನಡುವೆ ಬರುತ್ತಾರೆ. ಅವ್ವ ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. ಅವಳ ಹತ್ತಿರ ವಾದ ಮಾಡಲಿಲ್ಲ. "ಇಲ್ಲಬೇ ಯವ್ವಾ, ರೊಕ್ಕ ಆಗಂಗಿಲ್ಲ" ಅಂತ ದನಿ ಏರಿಸದೆ ಅಷ್ಟೇ ಹೇಳಿ, ಅವಳ ಬಿಪಿ ಗುಳಿಗೆ ತಂದುಕೊಟ್ಟು ಬರುತ್ತಿದ್ದೆ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಶುರುವಾದ ಅಲ್-ಅನಾನ್ ಅನ್ನುವ ಬಳಗದಲ್ಲಿ ಮೂರು ಮಾತು ಹೇಳಿಕೊಳ್ಳುತ್ತಾರೆ: ಇದನ್ನು ನಾನು ಹುಟ್ಟಿಸಲಿಲ್ಲ, ಇದು ನನ್ನ ಹಿಡಿತದಲ್ಲಿಲ್ಲ, ಇದನ್ನು ನಾನು ವಾಸಿ ಮಾಡಲಾರೆ. ಟಿಕೆಟ್ ಮಷಿನ್ನಿನ ಚೀಲದಲ್ಲಿ ಇದನ್ನು ಚೀಟಿ ಮಾಡಿ ಇಟ್ಟುಕೊಂಡಿದ್ದೆ.

ತಪ್ಪುತ್ತೀರಿ. ನಾನು ಎರಡು ಸಲ ತಪ್ಪಿ ದುಡ್ಡು ಹಾಕಿದೆ. ಎರಡನೇ ಸಲ ಬಹಳ ಕುಗ್ಗಿ ರಜೆಯ ದಿನ ಗವಿಮಠದ ಬೆಟ್ಟಕ್ಕೆ ಹೋಗಿ ಕೂತಿದ್ದೆ. ಅಲ್ಲಿ ಅಶೋಕನ ಶಾಸನ ಇದೆ, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಇದೇ ಶಾಸನ ಪಾಲ್ಕಿಗುಂಡಿನಲ್ಲೂ ಇದೆ, ಮಸ್ಕಿಯಲ್ಲೂ ಇದೆ. ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ನಾನು ಅಷ್ಟಾಗಿ ಪ್ರಯತ್ನ ಪಡಲಿಲ್ಲ ಅಂತ ಅಷ್ಟು ದೊಡ್ಡ ದೊರೆ ಕಲ್ಲಿನ ಮೇಲೆ ಕೊರೆಸಿದ್ದಾನೆ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಸಿಗುತ್ತದೆ ಅಂತಲೂ ಇದೆ. ಕೆಳಗಿಳಿದು ಬಂದು ನೋಟ್‌ಬುಕ್ಕಿನಲ್ಲಿ ಹೊಸ ತಾರೀಖು ಬರೆದೆ.

ಕೆಲವು ಕಡೆ ಈ ಉಸಿರು, ಗೆರೆ ಸಾಲುವುದಿಲ್ಲ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹೊಡೆಯುವವರು ಇದ್ದರೆ ಎದುರು ನಿಂತು ಗೆರೆಯ ಮಾತು ಹೇಳಬೇಡಿ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಹೆಣ್ಣುಮಕ್ಕಳಿಗೆ 181 ಇದೆ. ಸತ್ತುಹೋಗ್ತೀನಿ ಅಂತ ಯಾರಾದರೂ ಹೇಳಿದರೆ ನಾಟಕ ಅಂದುಕೊಳ್ಳಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಅದು, ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮದೇ ಸಂಕಟಕ್ಕೂ ಮಾಡಬಹುದು. ಬಹಳ ವರ್ಷ ದಿನಾ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬಂದು ಜೀವಕ್ಕೆ ಅಪಾಯ ಆಗಬಹುದು, ಅದು ವೈದ್ಯರ ಕೆಲಸ. ಕಣ್ಣು ಮುಚ್ಚಿದರೆ ಹಳೇ ಭಯಗಳು ಎದ್ದುಬರುವುದಾದರೆ ಕಣ್ಣು ತೆರೆದೇ ಅಭ್ಯಾಸ ಮಾಡಿ, ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ.

ತಮ್ಮ ಕುಡಿಯುವುದನ್ನು ಪೂರ್ತಿ ಬಿಟ್ಟಿಲ್ಲ. ಒಂದು ಸಲ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಬಂದಿದ್ದೇವೆ. ಹೋದ ಭಾನುವಾರ ಫೋನ್ ಬಂತು. ಹೊಟ್ಟೆ ಇನ್ನೂ ಬಿಗಿಯುತ್ತದೆ, ಮೊದಲಿನಷ್ಟಲ್ಲ. ಮೂರು ಉಸಿರು ಆದ ಮೇಲೆ ಎತ್ತಿದೆ. "ಯಕ್ಕಾ, ರೊಟ್ಟಿ ಅದಾವೇನು?" ಅಂದ. ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಒಂದು ಗುಂಡಿ ಹೋಗಿತ್ತು. ನಿನ್ನೆ ರಾತ್ರಿ ಎಲ್ಲಿದ್ದಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನೋಡಿದೆ. ಕೇಳಲಿಲ್ಲ. ತಾಟಿಗೆ ಇನ್ನೊಂದು ಚೂರು ಪುಂಡಿ ಪಲ್ಯ ಹಾಕಿದೆ.